ಕನಸಿನ ಹಾಳೆಯಲ್ಲಿ ಕಸ ಹೆಕ್ಕುವ ಕೆಲಸ

ಜಪಾನಿನ ಹಾನಾಮಾಕಿ ಹಿಗಾಶಿ ಹೈಸ್ಕೂಲು. ಬೇಸ್‌ಬಾಲ್ ಆಡುವ ಹುಡುಗ ಶೋಹೇ ಒಹ್ತಾನಿ ಒಂದು ಹಾಳೆಯಲ್ಲಿ 81 ಚೌಕ ತುಂಬಿಸಿದ. ನಟ್ಟನಡುವೆ ಅವನ ಕನಸು: ಎಂಟು ವೃತ್ತಿಪರ ತಂಡಗಳು ತನ್ನನ್ನೇ ಮೊದಲು ಆರಿಸಬೇಕು.

ಸೊಗಸಿರುವುದು ಸುತ್ತಲಿನ ಚೌಕಗಳಲ್ಲಿ. ಗಂಟೆಗೆ 160 ಕಿಲೋಮೀಟರ್ ವೇಗದ ಎಸೆತದ ಜೊತೆಗೆ ‘ಅದೃಷ್ಟ’ವೂ ಒಂದು ಗುರಿ. ಅದಕ್ಕೆ ಅವನು ಬರೆದುಕೊಂಡ ದಾರಿ? ಕಸ ಹೆಕ್ಕುವುದು, ಕೋಣೆ ಚೊಕ್ಕಟ ಮಾಡುವುದು, ಎದುರಾದವರಿಗೆ ನಮಸ್ಕರಿಸುವುದು, ಪುಸ್ತಕ ಓದುವುದು. ಎಲ್ಲವೂ ಅವತ್ತೇ ಮಾಡಬಹುದಾದದ್ದು!

2012ರಲ್ಲಿ, ಶಾಲೆ ಮುಗಿಯುವ ಮೊದಲೇ, 160ರ ಎಸೆತ ಕೈಗೂಡಿತು.

ನಾವೂ ಕನಸುಗಳನ್ನು ಕಣ್ಣೆದುರು ಇಟ್ಟುಕೊಳ್ಳಲು ಮಾಡುವ ಫಲಕ, ಅಂದರೆ ವಿಷನ್ ಬೋರ್ಡ್ ಮೇಲೆ ಬರೀ ಮನೆ, ಕಾರಿನ ಚಿತ್ರ ಅಂಟಿಸಿದರೆ ಸಾಲದು. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಒಳ್ಳೆಯ ಅಂಕ ಬಂದಂತೆ ಕಲ್ಪಿಸಿಕೊಂಡ ವಿದ್ಯಾರ್ಥಿಗಳಿಗಿಂತ, ಓದಲು ಕೂತಂತೆ ಕಲ್ಪಿಸಿಕೊಂಡವರೇ ಹೆಚ್ಚು ಅಂಕ ಗಳಿಸಿದರು.

ನಿಮ್ಮ ಬೋರ್ಡಿನಲ್ಲೂ ಕನಸಿನ ಪಕ್ಕ ನಾಳೆ ಬೆಳಗಿನ ಕೆಲಸವೊಂದನ್ನು ಬರೆದಿಡಿ.