ಟೆಕ್ ಲಾಗ್: ಪೈಲಟ್ ಮತ್ತು ಎಂಜಿನಿಯರ್ ನಡುವಿನ ಪುಸ್ತಕ

ವಿಮಾನ ಹಾರಿಸುವ ಪೈಲಟ್ ಮತ್ತು ಅದನ್ನು ದುರಸ್ತಿ ಮಾಡುವ ಎಂಜಿನಿಯರ್ ಮುಖಾಮುಖಿಯಾಗುವುದು ಕಡಿಮೆ. ರಾತ್ರಿ ಇಳಿದ ಪೈಲಟ್ ಮನೆಗೋ ಹೋಟೆಲಿಗೋ ಹೊರಟ ಮೇಲೆ ಎಂಜಿನಿಯರ್ ಕೆಲಸ ಶುರುವಾಗುತ್ತದೆ. ಬೆಳಗ್ಗೆ ಅದೇ ವಿಮಾನ ಏರುವುದು ಬೇರೊಬ್ಬ ಪೈಲಟ್. ಈ ಮೂವರನ್ನು ಬೆಸೆಯುವುದು ಟೆಕ್ನಿಕಲ್ ಲಾಗ್, ಬಳಕೆಯ ಮಾತಿನಲ್ಲಿ ಟೆಕ್ ಲಾಗ್. ಪೈಲಟ್ ಕಂಡ ದೋಷ, ಅದಕ್ಕೆ ಎದುರಾಗಿ ಎಂಜಿನಿಯರ್ ಮಾಡಿದ ಕೆಲಸ, ಕೆಳಗೆ ಸಹಿ. ದಾಖಲಾದ ದೋಷವನ್ನು ಒಂದೋ ಸರಿಪಡಿಸಬೇಕು, ಇಲ್ಲವೇ ನಿಯಮದಂತೆ ಮುಂದೂಡಬೇಕು. ಅಲ್ಲಿಯವರೆಗೆ ವಿಮಾನ ಹಾರುವಂತಿಲ್ಲ. ಯಾವ ಉಪಕರಣ ಕೆಟ್ಟಿದ್ದರೂ ಹಾರಬಹುದು ಎಂಬುದನ್ನು ಎಂಇಎಲ್ ಎಂಬ ಪಟ್ಟಿ ಹೇಳುತ್ತದೆ. ಅದರಲ್ಲಿ ‘ಬಿ’ ವರ್ಗದ ದುರಸ್ತಿಗೆ 3 ದಿನ, ‘ಸಿ’ ವರ್ಗಕ್ಕೆ 10 ದಿನ ಗಡುವು.

ಬರೆಯುವ ರೀತಿಯಲ್ಲಿಯೇ ಎಲ್ಲ ಇದೆ. ‘ರೇಡಿಯೋ ಸರಿಯಿಲ್ಲ’ ಎಂದಷ್ಟೇ ಬರೆದರೆ ಎಂಜಿನಿಯರಿಗೆ ಏನೂ ತಿಳಿಯದು. ಯಾವ ರೇಡಿಯೋ, ಎಷ್ಟು ಎತ್ತರದಲ್ಲಿ, ಆಗ ಬೇರೇನು ನಡೆಯುತ್ತಿತ್ತು ಎಂಬುದು ಬೇಕು. ಆಕಾಶದ ಚಳಿ, ತೆಳುಗಾಳಿ, ಕಂಪನಗಳು ನೆಲದ ಮೇಲೆ ಇರುವುದಿಲ್ಲವಾದ್ದರಿಂದ ಎಷ್ಟೋ ದೋಷಗಳು ಇಳಿದ ಕೂಡಲೇ ಮಾಯವಾಗುತ್ತವೆ. ಆಗ ‘ನೆಲದಲ್ಲಿ ಪರೀಕ್ಷಿಸಿದೆ, ಸರಿಯಿದೆ’ ಎಂಬ ಉತ್ತರ ಬರುತ್ತದೆ, ಮರುದಿನ ಅದೇ ದೂರು ಮರಳುತ್ತದೆ. ಪೈಲಟ್ ಕಾರಣವನ್ನು ಊಹಿಸಿ ಬರೆಯುವುದಕ್ಕಿಂತ ಕಂಡದ್ದನ್ನು ಕಂಡಂತೆ ಬರೆಯುವುದು ಹೆಚ್ಚು ಉಪಯುಕ್ತ.

ಇಂಡೊನೇಷ್ಯಾದ ಲಯನ್ ಏರ್‌ನ ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಕಥೆ ಇದಕ್ಕೆ ನೋವಿನ ಸಾಕ್ಷಿ. 2018ರ ಅಕ್ಟೋಬರ್ 28ರಂದು ಡೆನ್‌ಪಸಾರ್‌ನಲ್ಲಿ ಅದಕ್ಕೆ ಬೇರೊಂದು ಕೋನಮಾಪಕ ಸೆನ್ಸರ್ ಜೋಡಿಸಲಾಯಿತು. ಅದರ ಅಳತೆ ಸುಮಾರು 21 ಡಿಗ್ರಿ ತಪ್ಪಾಗಿತ್ತು. ಆ ರಾತ್ರಿ ಜಕಾರ್ತಾಕ್ಕೆ ಹೊರಟಾಗ, ರೆಕ್ಕೆಯ ಎತ್ತುವ ಬಲ ಕುಸಿಯುತ್ತಿದೆ ಎಂದು ಎಚ್ಚರಿಸುವ ಸಾಧನ ಪೈಲಟ್‌ನ ನಿಯಂತ್ರಣದ ಕಂಬವನ್ನು ಹಾರಾಟದುದ್ದಕ್ಕೂ ನಡುಗಿಸುತ್ತಿತ್ತು. ವಿಮಾನದ ಮೂತಿ ತಾನಾಗಿ ಕೆಳಗೆ ವಾಲುತ್ತಿತ್ತು. ಪೈಲಟ್‌ಗಳು ಬಾಲದ ಮೋಟಾರಿನ ಸ್ವಿಚ್ ಆರಿಸಿ, ಕೈಯಿಂದಲೇ ನಿಭಾಯಿಸಿ ಇಳಿಸಿದರು. ಆದರೆ ಲಾಗ್‌ನಲ್ಲಿ ಬರೆದದ್ದು ವೇಗ ಮತ್ತು ಎತ್ತರದ ಅಳತೆ ತಾಳೆಯಾಗುತ್ತಿಲ್ಲ, ಒಂದು ಎಚ್ಚರಿಕೆ ದೀಪ ಹತ್ತಿದೆ ಎಂದಷ್ಟೇ. ಕಂಬ ನಡುಗಿದ್ದಾಗಲೀ ಸ್ವಿಚ್ ಆರಿಸಿದ್ದಾಗಲೀ ಅಲ್ಲಿರಲಿಲ್ಲ. ಜಕಾರ್ತಾದ ಎಂಜಿನಿಯರ್ ಓದಿದ್ದಕ್ಕೆ ತಕ್ಕಂತೆ ಗಾಳಿಯ ಒತ್ತಡ ಅಳೆಯುವ ಭಾಗಗಳನ್ನು ಶುಚಿಗೊಳಿಸಿ, ಒಂದು ಪ್ಲಗ್ ಒರೆಸಿ ಸಹಿ ಹಾಕಿದರು. ಮರುದಿನ ಬೆಳಗ್ಗೆ ವಿಮಾನ ಜಾವಾ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ಒಂದೇ ಸೆನ್ಸರ್ ನಂಬಿ ಮೂತಿ ತಗ್ಗಿಸುವ ಎಂಕ್ಯಾಸ್ ವ್ಯವಸ್ಥೆಯ ವಿನ್ಯಾಸ ದುರಂತದ ಮುಖ್ಯ ಎಳೆ, ನಿಜ. ಆದರೂ 2019ರ ತನಿಖಾ ವರದಿ ಲಾಗ್‌ನ ಅಪೂರ್ಣ ಬರಹವನ್ನೂ ಕಾರಣಗಳ ಸಾಲಿಗೆ ಸೇರಿಸಿತು.

ಬಾಯಿಮಾತಿನ ಸಂಪರ್ಕಕ್ಕೂ ಮಿತಿಯಿದೆ. ವಿಮಾನವನ್ನು ಹಿಂದಕ್ಕೆ ತಳ್ಳುವಾಗ ಕೆಳಗಿನ ಸಿಬ್ಬಂದಿ ಹೆಡ್‌ಸೆಟ್‌ನಲ್ಲಿ ನಿಗದಿತ ಚಿಕ್ಕ ವಾಕ್ಯಗಳಲ್ಲೇ ಮಾತಾಡುತ್ತಾರೆ. ಗೊಂದಲದ ಗಳಿಗೆಯಲ್ಲಿ ಅಂಥ ಶಿಸ್ತು ಉಳಿಯುವುದು ಕಷ್ಟ. 2005ರ ಆಗಸ್ಟ್ 14ರಂದು ಸೈಪ್ರಸ್‌ನಿಂದ ಹೊರಟ ಹೀಲಿಯೋಸ್ ಸಂಸ್ಥೆಯ ವಿಮಾನದಲ್ಲಿ, ಹಿಂದಿನ ರಾತ್ರಿಯ ಪರೀಕ್ಷೆಯ ನಂತರ ಒತ್ತಡ ನಿಯಂತ್ರಣದ ಗುಂಡಿ ‘ಮ್ಯಾನ್ಯುಯಲ್’ನಲ್ಲೇ ಉಳಿದಿತ್ತು, ಪೈಲಟ್‌ಗಳೂ ಗಮನಿಸಲಿಲ್ಲ. ಏರುವಾಗ ಎಚ್ಚರಿಕೆ ಮೊಳಗಿತು. ಕ್ಯಾಪ್ಟನ್ ರೇಡಿಯೋದಲ್ಲಿ ನೆಲದ ಎಂಜಿನಿಯರ್ ಜೊತೆ ಮಾತಾಡಿದರು. ಕ್ಯಾಪ್ಟನ್ ಗಮನ ಉಪಕರಣ ತಂಪಾಗಿಸುವ ವ್ಯವಸ್ಥೆಯ ಮೇಲಿತ್ತು. ಎಂಜಿನಿಯರ್ ಒತ್ತಡದ ಗುಂಡಿಯ ಬಗ್ಗೆ ಕೇಳಿದರೂ ಮಾತು ಅಲ್ಲಿ ನಿಲ್ಲಲಿಲ್ಲ. ಅಷ್ಟರಲ್ಲಿ ಆಮ್ಲಜನಕ ಕಡಿಮೆಯಾಗಿ ಪೈಲಟ್‌ಗಳ ಬುದ್ಧಿ ಮಂಕಾಗುತ್ತಿತ್ತು. 121 ಮಂದಿ ಪ್ರಾಣ ಕಳೆದುಕೊಂಡರು.

1978ರಲ್ಲಿ ಬಂದ ಎಕಾರ್ಸ್ ವ್ಯವಸ್ಥೆ ಹಾರುತ್ತಿರುವಾಗಲೇ ನೆಲಕ್ಕೆ ಸಂದೇಶ ಕಳುಹಿಸುವ ದಾರಿ ತೆರೆಯಿತು. ಇಂದಿನ ವಿಮಾನಗಳು ದೋಷದ ಸಂಕೇತಗಳನ್ನು ತಾವಾಗಿ ರವಾನಿಸುವುದರಿಂದ, ಇಳಿಯುವಷ್ಟರಲ್ಲಿ ಬಿಡಿಭಾಗ ಸಿದ್ಧವಾಗಿರಬಹುದು. ಲಾಗ್ ಕೂಡ ಎಷ್ಟೋ ಕಡೆ ಟ್ಯಾಬ್ಲೆಟ್‌ಗೆ ಬಂದಿದೆ. ಆದರೂ ಹೊಗೆಯ ವಾಸನೆ ಯಾವ ಕಡೆಯಿಂದ ಬಂತು, ಎಷ್ಟು ಹೊತ್ತು ಇತ್ತು ಎಂಬುದಕ್ಕೆ ಎಂಜಿನಿಯರ್ ಇಂದಿಗೂ ಪೈಲಟ್ ಬರೆದ ಸಾಲುಗಳನ್ನೇ ಓದುತ್ತಾರೆ.