ಮಾರ್ಕ್ಸ್‌ವಾದ, ಅಧಿಕಾರ ಮತ್ತು ಪಾಪದ ಬೋಧನೆ

ಮಾರ್ಕ್ಸ್‌ವಾದಿ ಪಕ್ಷಗಳು ಆಳಿದ ದೇಶಗಳಲ್ಲಿ ಕಂಡುಬಂದ ಸರ್ವಾಧಿಕಾರವು ಮಾರ್ಕ್ಸರ ಸಿದ್ಧಾಂತದಿಂದಲೇ ಹುಟ್ಟಿತೋ, ಅಥವಾ ಆ ಸಿದ್ಧಾಂತಕ್ಕೆ ಬಗೆದ ದ್ರೋಹವೋ? ಈ ಪ್ರಶ್ನೆಯನ್ನು ಎತ್ತಿದವರು ವಿರೋಧಿಗಳು ಮಾತ್ರವಲ್ಲ, ಸಮಾಜವಾದಿಗಳೂ ಹೌದು.

1918ರ ಜನವರಿಯಲ್ಲಿ ಲೆನಿನ್ ಸರ್ಕಾರವು ಜನರಿಂದ ಚುನಾಯಿತವಾದ ಸಂವಿಧಾನ ಸಭೆಯನ್ನು ವಿಸರ್ಜಿಸಿತು. ಕಾರ್ಲ್ ಕೌಟ್ಸ್ಕಿ ಅದನ್ನು ಖಂಡಿಸಿದರು. ಜರ್ಮನಿಯ ಸೆರೆಮನೆಯಲ್ಲಿದ್ದ ರೋಸಾ ಲಕ್ಸೆಂಬರ್ಗ್ ಕ್ರಾಂತಿಯನ್ನು ಸ್ವಾಗತಿಸುತ್ತಲೇ, ವಾಕ್‌ಸ್ವಾತಂತ್ರ್ಯವೂ ಸಂಘಟನೆಯ ಹಕ್ಕೂ ಇಲ್ಲದಲ್ಲಿ ಅಧಿಕಾರವು ಕೆಲವೇ ನಾಯಕರ ಕೈಸೇರುವುದೆಂದು ಎಚ್ಚರಿಸಿದರು. ಅಂತರ್ಯುದ್ಧದ ನಡುವೆ ಕ್ರಾಂತಿಯ ರಕ್ಷಣೆಗೆ ಕಠಿಣ ಕ್ರಮಗಳು ಅನಿವಾರ್ಯವೆಂಬುದು ಲೆನಿನ್ ಪಕ್ಷದವರ ಉತ್ತರವಾಗಿತ್ತು. ಆದರೆ ಆ ಯುದ್ಧವು ಬಹುಮಟ್ಟಿಗೆ ಮುಗಿದಿದ್ದ 1921ರ ಮಾರ್ಚ್‌ನಲ್ಲಿ ಪಕ್ಷದೊಳಗಿನ ಗುಂಪುಗಳನ್ನೂ ನಿಷೇಧಿಸಲಾಯಿತು.

ಈ ವಿವಾದವು ಸಭೆಯನ್ನೂ ಮುಟ್ಟಿತು. ಪ್ರಾಗ್ ನಗರದ ದೈವಶಾಸ್ತ್ರಜ್ಞ ಯೋಸೆಫ್ ಹ್ರೊಮಾದ್ಕಾ ಅವರು ಯುದ್ಧಕಾಲದಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಬೋಧಿಸಿ, 1947ರಲ್ಲಿ ಸ್ವದೇಶಕ್ಕೆ ಮರಳಿದರು. ಕಾರ್ಮಿಕರನ್ನು ಕಡೆಗಣಿಸಿದ ಕ್ರೈಸ್ತ ಸಮಾಜದ ಮೇಲೆ ಬಂದ ನ್ಯಾಯತೀರ್ಪನ್ನು ಅವರು ಸಮತಾವಾದದಲ್ಲಿ ಕಂಡರು. 1956ರಲ್ಲಿ ಸೋವಿಯತ್ ಸೇನೆಯು ಹಂಗೆರಿಯ ಬಂಡಾಯವನ್ನು ಅಡಗಿಸಿದಾಗ ಅದನ್ನು ಸಮರ್ಥಿಸಿದರು. ಆದರೆ 1968ರ ಆಗಸ್ಟ್‌ನಲ್ಲಿ ಅದೇ ಸೇನೆ ಪ್ರಾಗ್ ನಗರವನ್ನು ಹೊಕ್ಕಾಗ, ಸೋವಿಯತ್ ರಾಯಭಾರಿಗೆ ಪ್ರತಿಭಟನಾ ಪತ್ರ ಬರೆದರು. ಮರುವರ್ಷ, ತಾವೇ ಕಟ್ಟಿದ ಕ್ರೈಸ್ತ ಶಾಂತಿ ಸಮ್ಮೇಳನದ ಅಧ್ಯಕ್ಷಸ್ಥಾನವನ್ನು ತ್ಯಜಿಸಿದರು. ಆ ವರ್ಷಾಂತ್ಯದಲ್ಲೇ ನಿಧನರಾದರು.

ಇದರಿಂದ ನಾವು ಏನನ್ನು ಕಲಿಯಬೇಕು? ವರ್ಗಭೇದ ಅಳಿದರೆ ದಮನಕಾರಿ ರಾಜ್ಯಾಧಿಕಾರವೂ ಅಳಿಯುವುದೆಂದು ಮಾರ್ಕ್ಸ್ ನಿರೀಕ್ಷಿಸಿದ್ದರು. ಆದುದರಿಂದ, ವಿಮೋಚಕನನ್ನು ತಡೆಯುವವರು ಯಾರು ಎಂಬ ಪ್ರಶ್ನೆಗೆ ಆ ಸಿದ್ಧಾಂತದಲ್ಲಿ ಸಾಕಷ್ಟು ಸ್ಥಳ ದೊರೆಯಲಿಲ್ಲ. ಅದು ಸರ್ವಾಧಿಕಾರವನ್ನು ಬೋಧಿಸಿತೆನ್ನುವುದಕ್ಕಿಂತ, ಅದಕ್ಕೆ ಬಾಗಿಲನ್ನು ತೆರೆದಿಟ್ಟಿತೆನ್ನುವುದೇ ನಮಗೆ ಹೆಚ್ಚು ನ್ಯಾಯವಾಗಿ ತೋರುತ್ತದೆ. ಪಾಪದ ಕುರಿತ ಸತ್ಯವೇದದ ಬೋಧನೆಯಾದರೋ ದಮನಕಾರನನ್ನು ಮಾತ್ರವಲ್ಲ, ಬಿಡುಗಡೆ ಮಾಡುವವನನ್ನೂ ಪರೀಕ್ಷಿಸುತ್ತದೆ. ಅರಸನನ್ನು ಬಯಸಿದ ಇಸ್ರಾಯೇಲರಿಗೆ ಸಮುವೇಲನು ಎಚ್ಚರಿಕೆ ಕೊಟ್ಟದ್ದು ಇದೇ ಅರ್ಥದಲ್ಲಿ.

ಆದರೆ ಈ ಬೋಧನೆಯನ್ನು ಎರಡು ವಿಧದಲ್ಲಿ ದುರುಪಯೋಗಪಡಿಸಬಹುದು. ಮೊದಲನೆಯದು, ಮನುಷ್ಯರೆಲ್ಲರೂ ಪಾಪಿಗಳೆಂದು ಹೇಳಿ ಕೂಲಿಗಾರನ ನ್ಯಾಯವಾದ ಬೇಡಿಕೆಯ ಬಾಯಿ ಮುಚ್ಚಿಸುವುದು. ಎರಡನೆಯದು, ನಮ್ಮ ಸಭೆಯನ್ನೇ ಈ ಪರೀಕ್ಷೆಯಿಂದ ಹೊರಗಿಡುವುದು. ಹ್ರೊಮಾದ್ಕಾ ಅವರ ಸಭೆಯು ತನ್ನ ಪೂರ್ವಜನೆಂದು ಸ್ಮರಿಸುವ ಯಾನ್ ಹುಸ್ಸನು 1415ರಲ್ಲಿ ಸುಡಲ್ಪಟ್ಟದ್ದು ನಾಸ್ತಿಕರಿಂದಲ್ಲ, ಸಭೆಯ ಮಹಾಸಭೆಯೊಂದರ ತೀರ್ಪಿನಿಂದ.

ಬಡವರ ಪಕ್ಷದಲ್ಲಿ ನಿಲ್ಲುವುದು ಸುವಾರ್ತಾಸೇವಕನ ಕರ್ತವ್ಯ. ಆದರೆ ಬಡವರ ಹೆಸರಿನಲ್ಲಿ ಆಳುವವರನ್ನು ಪ್ರಶ್ನಿಸುವ ಸ್ವಾತಂತ್ರ್ಯವನ್ನು ಆತನು ಯಾರಿಗೂ ಒಪ್ಪಿಸಿಬಿಡಬಾರದು. ತನ್ನನ್ನು ಪ್ರಶ್ನಿಸುವ ಸಭಿಕರಿಗೂ ಆ ಸ್ವಾತಂತ್ರ್ಯವನ್ನು ನಿರಾಕರಿಸಬಾರದು.