ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ

ಎಂಟನೆಯ ತಿಂಗಳಿನಲ್ಲಿ ಗರ್ಭಲಿಂಗಧಾರಣೆಗೆಂದು ಮಠಕ್ಕೆ ಬರುವ ಗರ್ಭಿಣಿಯರಲ್ಲಿ ಕೆಲವರು ಆ ಸಂಸ್ಕಾರವನ್ನು ಮುಗಿಸಿಕೊಂಡು ನಮ್ಮ ಚಿಕಿತ್ಸಾಲಯಕ್ಕೂ ಬರುವುದುಂಟು. ಜೊತೆಯಲ್ಲಿ ಅತ್ತೆಯೋ ತಾಯಿಯೋ ಇರುತ್ತಾರೆ. ಗಂಡ ಹೊರಗೆ ಬೇವಿನ ಮರದ ನೆರಳಿನಲ್ಲಿ ನಿಂತಿರುತ್ತಾನೆ. ಈಚಿನ ವರ್ಷಗಳಲ್ಲಿ ಅವರು ಕೇಳುವುದು ಬಹುತೇಕ ಒಂದೇ ಮಾತು: “ಡಾಕ್ಟರ್ರೀ, ಮೊದಲನೇದು ಸಿಸೇರಿಯನ್ ಆಗೇತಿ. ಇದಾದ್ರೂ ನಾರ್ಮಲ್ ಆಗೋ ಹಂಗ ಏನಾದ್ರೂ ಕಷಾಯ ಕೊಡ್ರಿ.”

ಅಂತಹ ಕಷಾಯ ನಮ್ಮ ಶಾಸ್ತ್ರದಲ್ಲಿ ಇಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಮೂಢಗರ್ಭವನ್ನು ಕುರಿತ ಅಧ್ಯಾಯವಿದೆ. ತಾಯಿ ಮರಣಿಸಿದ ಮೇಲೂ ಉದರದಲ್ಲಿ ಶಿಶುವಿನ ಚಲನೆ ಕಂಡುಬಂದರೆ ವೈದ್ಯನು ತತ್‌ಕ್ಷಣವೇ ಉದರವನ್ನು ಸೀಳಿ ಶಿಶುವನ್ನು ಹೊರತೆಗೆಯಬೇಕೆಂಬ ವಿಧಿಯನ್ನು ಅಲ್ಲಿ ಹೇಳಲಾಗಿದೆ. ಆದುದರಿಂದ ಆಯುರ್ವೇದವು ಶಸ್ತ್ರಕ್ಕೆ ವಿರೋಧಿಯೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೆ ಒಮ್ಮೆ ಕೊಯ್ದು ಹೊಲಿದ ಗರ್ಭಕೋಶವನ್ನು ಹೊತ್ತು, ಬದುಕಿ, ಮತ್ತೆ ಬಸಿರಾಗಿ ಬರುವ ತಾಯಿಯನ್ನು ಆ ಆಚಾರ್ಯರು ಕಂಡಿರಲಿಲ್ಲ. ಆ ಹೊಲಿಗೆಯ ಕಲೆಯನ್ನು ಗಟ್ಟಿಗೊಳಿಸುವ ಗಿಡಮೂಲಿಕೆ ಇದೆಯೆಂದು ಹೇಳಿ ಪುಡಿ ಮಾರುವವರು ಶಾಸ್ತ್ರದ ಹೆಸರಿನಲ್ಲಿ ಸುಳ್ಳು ಹೇಳುತ್ತಿದ್ದಾರೆ.

ಈ ಮಾತನ್ನು ಇಷ್ಟು ಖಂಡಿತವಾಗಿ ಹೇಳಲು ನಾವು ಬೆಲೆ ತೆತ್ತಿದ್ದೇವೆ. ತೆತ್ತವರು ನಾವಲ್ಲ, ಮತ್ತೊಬ್ಬರು ಎನ್ನುವುದೇ ಸರಿ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಒಬ್ಬ ತಾಯಿ ಇದೇ ಪ್ರಶ್ನೆಯೊಂದಿಗೆ ಬಂದಿದ್ದರು. ಹೊಟ್ಟೆಯ ಮೇಲಿನ ಗಾಯದ ಗುರುತು ಅಡ್ಡವಾಗಿತ್ತು. “ಅಡ್ಡ ಹೊಲಿಗೆ ಇದೆ, ಹೆದರಬೇಡಿರಿ, ನೋವು ಬರುವವರೆಗೆ ಕಾಯಿರಿ” ಎಂದೆವು. ಮನೆಯಲ್ಲಿ ಹಣದ ಅಡಚಣೆಯಿತ್ತು. ಮೊದಲ ಶಸ್ತ್ರಕ್ರಿಯೆಗೆ ಮಾಡಿದ ಸಾಲವೇ ತೀರಿರಲಿಲ್ಲ. ನಮ್ಮ ಮಾತು ಅವರಿಗೆ ಆಸರೆಯಾಯಿತು. ನೋವು ಆರಂಭವಾದ ಮೇಲೆ ಅವರು ಒಂದು ರಾತ್ರಿ ಮನೆಯಲ್ಲಿಯೇ ಕಾದರು. ಜಿಲ್ಲಾಸ್ಪತ್ರೆಯನ್ನು ತಲುಪುವಷ್ಟರಲ್ಲಿ ಗರ್ಭಕೋಶ ಹರಿದುಹೋಗಿತ್ತು. ಅಲ್ಲಿಯ ವೈದ್ಯರು ತಾಯಿಯನ್ನು ಉಳಿಸಿದರು. ಗರ್ಭಕೋಶವನ್ನು ತೆಗೆಯಬೇಕಾಯಿತು. ಮಗು ಉಳಿಯಲಿಲ್ಲ. ಮುಂದೆ ಕೆಲವು ವಾರಗಳ ಬಳಿಕ ತವರಿನ ಪೆಟ್ಟಿಗೆಯಲ್ಲಿದ್ದ ಹಳೆಯ ಡಿಸ್ಚಾರ್ಜ್ ಕಾರ್ಡನ್ನು ಅವರ ತಮ್ಮ ತಂದು ತೋರಿಸಿದ. ಮೊದಲ ಮಗು ದಿನ ತುಂಬುವ ಮೊದಲೇ ಅಡ್ಡಲಾಗಿ ಮಲಗಿದ್ದುದರಿಂದ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿದ್ದರೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಕಾಗದವನ್ನು ಕೇಳಬೇಕೆಂದು ನಮಗೆ ಅಂದು ತೋಚಿರಲಿಲ್ಲ.

ಚರ್ಮದ ಮೇಲಿನ ಗಾಯ ಬೇರೆ, ಒಳಗಿನ ಗರ್ಭಕೋಶದ ಗಾಯ ಬೇರೆ. ಹೊರಗೆ ಅಡ್ಡ ಗುರುತು ಇದ್ದರೂ ಒಳಗೆ ಉದ್ದದ ಕೊಯ್ತ ಇರಬಹುದು. ಎರಡನೆಯ ಹೆರಿಗೆಯ ನಿರ್ಧಾರಕ್ಕೆ ಮುಖ್ಯವಾದುದು ಈ ಒಳಗಿನ ಗಾಯ. 1916ರಲ್ಲಿ ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರೇಗಿನ್, ಒಮ್ಮೆ ಸಿಸೇರಿಯನ್ ಆದರೆ ಮುಂದೆಯೂ ಸಿಸೇರಿಯನ್ನೇ ಎಂಬರ್ಥದ ಮಾತನ್ನು ಬರೆದರು. ಆ ಕಾಲದಲ್ಲಿ ಗರ್ಭಕೋಶವನ್ನು ಮೇಲ್ಭಾಗದಲ್ಲಿ ಉದ್ದಕ್ಕೆ ಸೀಳುವುದೇ ರೂಢಿಯಾಗಿತ್ತು. ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ಯುವ ಕ್ರಮ ಅನಂತರದ ದಶಕಗಳಲ್ಲಿ ನೆಲೆಗೊಂಡಿತು. ಶಸ್ತ್ರದ ಕ್ರಮ ಬದಲಾದರೂ ಗಾದೆಯಂತಾದ ಆ ಮಾತು ಮಾತ್ರ ಇಂದಿಗೂ ನಮ್ಮ ಹಳ್ಳಿಗಳವರೆಗೆ ಉಳಿದುಬಂದಿದೆ.

ಕೆಳಭಾಗದ ಅಡ್ಡ ಕೊಯ್ತ ಒಂದೇ ಒಂದು ಇದ್ದು, ಮೊದಲ ಶಸ್ತ್ರಕ್ರಿಯೆಯ ಕಾರಣ ಈ ಸಲ ಮರುಕಳಿಸದಿದ್ದರೆ, ಸಹಜ ಹೆರಿಗೆಗೆ ಪ್ರಯತ್ನಿಸಬಹುದು. ಹೀಗೆ ನೋಡಿ ಆಯ್ದ ತಾಯಂದಿರಲ್ಲಿ ನೂರಕ್ಕೆ 60ರಿಂದ 80 ಮಂದಿಗೆ ಅದು ಸಫಲವಾಗುತ್ತದೆ. ಹಿಂದೆ ಒಮ್ಮೆಯಾದರೂ ಸಹಜವಾಗಿ ಹೆತ್ತಿದ್ದರೆ ಸಂಭವ ಇನ್ನೂ ಹೆಚ್ಚು. ಮಗು ತಿರುವುಮುರುವಾಗಿ ಕುಳಿತಿದ್ದುದು, ನಡುವೆ ಎದೆಬಡಿತ ಇಳಿದದ್ದು ಇಂತಹ ಕಾರಣಗಳು ಮತ್ತೆ ಬರಲೇಬೇಕೆಂದಿಲ್ಲ. ಪ್ರಯತ್ನದ ವೇಳೆ ಅಡ್ಡ ಕೊಯ್ತದ ಕಲೆ ಹರಿಯುವ ಸಂಭವ ಸುಮಾರು 200ರಲ್ಲಿ ಒಂದು. ಉದ್ದ ಕೊಯ್ತದಲ್ಲಿ ಅದು ನೂರಕ್ಕೆ ನಾಲ್ಕರಿಂದ ಒಂಬತ್ತರವರೆಗೆ ಏರುತ್ತದೆ. ಅಂಥವರು ನೋವಿಗಾಗಿ ಕಾಯಲೇಬಾರದು. ಎರಡು ಹೆರಿಗೆಗಳ ನಡುವಿನ ಅಂತರ ಒಂದೂವರೆ ವರ್ಷಕ್ಕಿಂತ ಕಡಿಮೆಯಿದ್ದರೂ ಅಪಾಯ ಹೆಚ್ಚು.

200ರಲ್ಲಿ ಒಂದು ಎಂಬುದು ಸಣ್ಣ ಸಂಖ್ಯೆಯಂತೆ ತೋರುತ್ತದೆ. ಆ ಒಬ್ಬಳು ತಾಯಿ ಎಲ್ಲಿರುತ್ತಾಳೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಗಲು ರಾತ್ರಿ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ರಕ್ತ, ಸಿದ್ಧವಾದ ಶಸ್ತ್ರಕ್ರಿಯಾ ಕೊಠಡಿ ಇರುವ ಕಡೆ ಕೆಲವೇ ನಿಮಿಷಗಳಲ್ಲಿ ಮಗುವನ್ನು ಹೊರತೆಗೆಯಬಹುದು. ಇವು ಇಲ್ಲದ ಕಡೆ ಪ್ರಯತ್ನಿಸುವುದು ಸಲ್ಲದು. ಆದುದರಿಂದ ಸಣ್ಣ ನರ್ಸಿಂಗ್ ಹೋಮಿನ ವೈದ್ಯೆ “ನಮ್ಮಲ್ಲಿ ಆಗದು, ಸಿಸೇರಿಯನ್ ಮಾಡಿಸಿಕೊಳ್ಳಿರಿ” ಎಂದರೆ ಅದೆಲ್ಲವೂ ಹಣದ ಆಸೆ ಎಂದು ನಾವು ಹೇಳುವುದಿಲ್ಲ. ಹಣದ ಆಸೆ ಇಲ್ಲವೆಂದೂ ಹೇಳುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 14.3 ಸಿಸೇರಿಯನ್ ಆಗಿದ್ದರೆ, ಖಾಸಗಿಯಲ್ಲಿ ಶೇ. 47.4. ಈ ಅಂತರವನ್ನೆಲ್ಲ ತಾಯಂದಿರ ದೇಹಸ್ಥಿತಿಯೊಂದರಿಂದಲೇ ವಿವರಿಸಲು ಸಾಧ್ಯವಿಲ್ಲ.

ಪುನಃ ಸಿಸೇರಿಯನ್ನನ್ನೇ ಆಯ್ದುಕೊಳ್ಳುವುದು ತಪ್ಪೇನೂ ಅಲ್ಲ. ಮೊದಲ ಸಲ ಎರಡು ದಿನ ನೋವು ತಿಂದು ಕೊನೆಗೆ ಶಸ್ತ್ರಕ್ಕೆ ಒಳಗಾದ ತಾಯಿಗೆ ಮತ್ತೊಮ್ಮೆ ಆ ದಾರಿ ಬೇಡವೆನಿಸಿದರೆ ಅತ್ತೆಯಾಗಲಿ ವೈದ್ಯರಾಗಲಿ ಆಕೆಯನ್ನು ಹೇಡಿಯೆನ್ನಬಾರದು. ಆದರೆ ಇನ್ನೂ ಎಷ್ಟು ಮಕ್ಕಳು ಬೇಕೆಂಬುದನ್ನು ಮೊದಲೇ ಯೋಚಿಸಬೇಕು. ಹಳೆಯ ಗಾಯದ ಮೇಲೆ ಮಾಸು ಕೆಳಗಡೆ ನೆಲೆಸಿದರೆ ಅದು ಗರ್ಭಕೋಶದ ಗೋಡೆಯೊಳಕ್ಕೆ ಬೇರಿಳಿಸಿ ಬಿಡಿಸಲು ಬಾರದಂತಾಗುವುದುಂಟು. ಹೀಗೆ ಮಾಸು ಕೆಳಗಿರುವವರಲ್ಲಿ ಈ ತೊಡಕು ಎರಡನೆಯ ಸಿಸೇರಿಯನ್‌ನಲ್ಲಿ ನೂರಕ್ಕೆ 11 ಮಂದಿಗೆ, ಮೂರನೆಯದರಲ್ಲಿ 40 ಮಂದಿಗೆ ಕಂಡುಬಂದಿದೆ. ರಕ್ತಸ್ರಾವ ಪ್ರಾಣಾಂತಿಕವಾಗಬಹುದು. ಎರಡನೆಯ ಮಗು ಹೆಣ್ಣಾದರೆ ಮೂರನೆಯದನ್ನು ನೋಡೋಣ ಎನ್ನುವ ಮನೆಯವರು ಈ ಸಂಖ್ಯೆಯನ್ನು ಎರಡು ಸಲ ಓದಲಿ.

ಇನ್ನು ಹಣದ ವಿಚಾರ. ನಮ್ಮ ಕಡೆಯ ರೂಢಿಯಂತೆ ಮೊದಲ ಹೆರಿಗೆ ತವರಿನದು, ಎರಡನೆಯದು ಗಂಡನ ಮನೆಯದು. ಇದರಿಂದ ಎರಡು ತೊಂದರೆಗಳು ಹುಟ್ಟುತ್ತವೆ. ಮೊದಲ ಶಸ್ತ್ರಕ್ರಿಯೆಯ ಕಾಗದಗಳು ಒಂದೂರಿನಲ್ಲಿ ಉಳಿದರೆ, ಎರಡನೆಯ ಹೆರಿಗೆಯ ವೈದ್ಯರು ಮತ್ತೊಂದೂರಿನಲ್ಲಿರುತ್ತಾರೆ. ಏಳನೆಯ ತಿಂಗಳ ಕುಬಸಕ್ಕೆ ಬರುವ ತವರಿನವರು ಸೀರೆ, ಬಳೆಗಳೊಡನೆ ಆ ಕಾರ್ಡನ್ನೂ ತರಲಿ. ಕಳೆದುಹೋಗಿದ್ದರೆ ಆಸ್ಪತ್ರೆಗೆ ಹೋಗಿ ಶಸ್ತ್ರಕ್ರಿಯೆಯ ಟಿಪ್ಪಣಿಯ ಪ್ರತಿಯನ್ನು ಕೇಳಲಿ, ಅದನ್ನು ಪಡೆಯುವ ಹಕ್ಕು ರೋಗಿಗೆ ಇದೆ. ಎರಡನೆಯ ತೊಂದರೆ, ಮೊದಲ ಸಲದ ಖರ್ಚೆಷ್ಟಾಯಿತೆಂಬುದು ಗಂಡನ ಮನೆಗೆ ಗೊತ್ತೇ ಇರುವುದಿಲ್ಲ. ಬೀಗರ ಮುಂದೆ ಸಾಲದ ಮಾತು ಆಡಲು ತವರಿನವರಿಗೆ ಸಂಕೋಚ. ಜೋಳ, ಕಡಲೆಯ ರಾಶಿಯ ಮೇಲೆ ಕಣ್ಣಿಟ್ಟು ಕುಳಿತ ಮನೆಗೆ ಖಾಸಗಿ ಆಸ್ಪತ್ರೆಯ ಬಿಲ್ಲು ಕೈಗೆ ಬಂದಾಗಲೇ ಎಚ್ಚರ.

ಜಿಲ್ಲಾ ಕೇಂದ್ರಗಳ ಖಾಸಗಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ವೆಚ್ಚ ಅರ್ಧ ಲಕ್ಷ ದಾಟುವುದು ಇಂದು ಅಪರೂಪವಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಲಕ್ಷದ ಮಾತು. ‘ಪ್ಯಾಕೇಜ್’ ಎಂದು ಹೇಳಿದ ಮೊತ್ತದೊಳಗೆ ಏನೇನು ಸೇರಿದೆ ಎಂಬುದನ್ನು ಬರೆಸಿಕೊಳ್ಳಬೇಕು. ರಕ್ತ, ಮಕ್ಕಳ ತಜ್ಞರ ಶುಲ್ಕ, ನಾಲ್ಕನೆಯ ದಿನದ ಬಳಿಕದ ವಾಸ, ಎಲ್ಲಕ್ಕೂ ಮಿಗಿಲಾಗಿ ನವಜಾತ ಶಿಶುವಿನ ತೀವ್ರ ನಿಗಾ ಘಟಕದ ವೆಚ್ಚ ಸಾಮಾನ್ಯವಾಗಿ ಅದರ ಹೊರಗೇ ಇರುತ್ತವೆ. ಸಹಜ ಹೆರಿಗೆಗೆ ಪ್ರಯತ್ನಿಸುವವರೂ ಸಿಸೇರಿಯನ್‌ಗೆ ಬೇಕಾಗುವಷ್ಟು ಹಣವನ್ನು ಸಿದ್ಧವಿಟ್ಟುಕೊಳ್ಳಬೇಕು, ಏಕೆಂದರೆ ನಡುವೆ ದಾರಿ ಬದಲಾಗಬಹುದು. ವಿಮೆಯನ್ನು ನಂಬಿದವರು ಪಾಲಿಸಿಯನ್ನು ಗರ್ಭಿಣಿಯಾಗುವ ಮೊದಲೇ ಓದಲಿ. ಸ್ವಂತವಾಗಿ ಮಾಡಿಸಿದ ಪಾಲಿಸಿಗಳಲ್ಲಿ ಹೆರಿಗೆಗೆ ಕಾಯುವ ಅವಧಿ ಇರುತ್ತದೆ, ಕಂಪನಿಗಳು ಕೊಡಿಸುವ ವಿಮೆಯಲ್ಲಿ ಮಿತಿ ಇರುತ್ತದೆ. ಆಯುಷ್ಮಾನ್ ಕಾರ್ಡ್ ಇದೆಯೆಂದ ಮಾತ್ರಕ್ಕೆ ಖಾಸಗಿಯಲ್ಲಿ ಹೆರಿಗೆ ಉಚಿತವೆಂದು ಭಾವಿಸಿ ಹೋಗಬಾರದು, ಮೊದಲೇ ವಿಚಾರಿಸಬೇಕು.

ಸರ್ಕಾರಿ ಆಸ್ಪತ್ರೆಯ ಮಾತೆತ್ತಿದರೆ ಅನೇಕರು ಮುಖ ಕಿವಿಚುತ್ತಾರೆ. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಸಹ ಪೂರ್ಣ ಉಚಿತ. ಔಷಧಿ, ಪರೀಕ್ಷೆ, ರಕ್ತ, ಏಳು ದಿನಗಳವರೆಗೆ ತಾಯಿಯ ಊಟ, ಮನೆಯಿಂದ ಆಸ್ಪತ್ರೆಗೆ ವಾಹನ, ಅಗತ್ಯವಿದ್ದರೆ ದೊಡ್ಡ ಆಸ್ಪತ್ರೆಗೆ ಸಾಗಣೆ, ಮರಳಿ ಮನೆಗೆ ಬಿಡುವುದು ಎಲ್ಲವೂ ಇದರಲ್ಲಿ ಸೇರಿವೆ. ಇದಕ್ಕೆ ಬಡತನದ ಪ್ರಮಾಣಪತ್ರ ಬೇಕಿಲ್ಲ. ‘ಉಚಿತ’ ಎಂಬ ಫಲಕದ ಕೆಳಗೂ ಕೈಚಾಚುವವರು ಇದ್ದಾರೆಂಬುದನ್ನು ನಾವು ಬಲ್ಲೆವು. 104 ಸಹಾಯವಾಣಿಗೆ ದೂರಲು ಹಿಂಜರಿಯಬೇಡಿ. ತಾಯಿ ಕಾರ್ಡಿನಲ್ಲಿ ಹಿಂದಿನ ಸಿಸೇರಿಯನ್ ವಿಷಯವನ್ನು ಆಶಾ ಕಾರ್ಯಕರ್ತೆಯಿಂದ ಮೊದಲ ತಿಂಗಳಲ್ಲಿಯೇ ಬರೆಸಿರಿ. ಪ್ರತಿ ತಿಂಗಳ 9ನೆಯ ದಿನ ಸುರಕ್ಷಿತ ಮಾತೃತ್ವ ಅಭಿಯಾನದಡಿ ನಡೆಯುವ ಉಚಿತ ತಪಾಸಣೆಗೆ ಹೋಗಿ, ಮಾಸು ಎಲ್ಲಿದೆಯೆಂದು ಸ್ಕ್ಯಾನಿನಲ್ಲಿ ನೋಡಿಸಿ. ಮಾಸು ಕೆಳಗಿದ್ದರೆ ತಾಲೂಕು ಆಸ್ಪತ್ರೆಯೂ ಸಾಲದು. ರಕ್ತನಿಧಿ ಇರುವ ಜಿಲ್ಲಾಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಬೇಕು. ಎರಡನೆಯ ಮಗು ಹೆಣ್ಣಾದರೆ, ಅರ್ಹ ಕುಟುಂಬಗಳಿಗೆ ಮಾತೃವಂದನಾ ಯೋಜನೆಯಿಂದ 6,000 ರೂಪಾಯಿ ಸಿಗುತ್ತದೆ.

ದಿನವನ್ನು ಗೊತ್ತುಪಡಿಸುವಲ್ಲಿಯೂ ಒಂದು ಮಾತಿದೆ. ಪುನಃ ಸಿಸೇರಿಯನ್ ಎಂದು ನಿಶ್ಚಯವಾದೊಡನೆ ಪಂಚಾಂಗ ಹಿಡಿದು ಒಳ್ಳೆಯ ನಕ್ಷತ್ರ ಹುಡುಕುವ ಚಾಳಿ ನಮ್ಮವರಲ್ಲಿಯೂ ಸೇರಿಕೊಂಡಿದೆ. ಲಗ್ನ, ರಾಶಿಗಳ ಹಂಗನ್ನು ಬಸವಣ್ಣನವರು ಹರಿದು ಎಂಟುನೂರು ವರ್ಷಗಳಾದವು. ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿ, ಮಗುವಿನ ಹುಟ್ಟಿಗೆ ಜೋಯಿಸರ ಅಪ್ಪಣೆಗಾಗಿ ಕಾಯುವುದನ್ನು ಕಂಡಾಗ ನಗಬೇಕೋ ಅಳಬೇಕೋ ತಿಳಿಯದು. ವೈದ್ಯಕೀಯ ಕಾರಣವಿಲ್ಲದೆ 39 ವಾರ ತುಂಬುವ ಮೊದಲೇ ತೆಗೆದ ಮಗುವಿಗೆ ಉಸಿರಾಟದ ತೊಂದರೆ ಹೆಚ್ಚು. ಆಗ ಆ ಒಳ್ಳೆಯ ನಕ್ಷತ್ರದ ಮಗು ಗಾಜಿನ ಪೆಟ್ಟಿಗೆಯಲ್ಲಿ, ಮನೆಯವರ ಬಂಗಾರ ಅಡವಿನಂಗಡಿಯಲ್ಲಿ.

ನಮ್ಮ ವೃತ್ತಿಬಾಂಧವರಿಗೂ ಒಂದು ವಿನಂತಿ. ಎಂಟು, ಒಂಬತ್ತನೆಯ ತಿಂಗಳ ಬಸ್ತಿಕರ್ಮ, ಯೋನಿಪಿಚುಗಳನ್ನು ಹೊಲಿಗೆಯಿರುವ ಗರ್ಭಿಣಿಗೆ ಪ್ರಸೂತಿ ತಜ್ಞರ ಒಪ್ಪಿಗೆಯಿಲ್ಲದೆ ಮಾಡಬಾರದು. ನೋವು ಬರಲೆಂದು ಮನೆಯಲ್ಲಿ ಹರಳೆಣ್ಣೆ ಕುಡಿಸುವುದನ್ನು ಅಜ್ಜಿಯಂದಿರು ಬಿಟ್ಟೇಬಿಡಬೇಕು. ಹೊಲಿಗೆಯಿರುವ ಗರ್ಭಕೋಶವನ್ನು ಬಲವಂತವಾಗಿ ಕೆರಳಿಸುವುದು ಅಪಾಯ.

ನಮ್ಮ ಕೆಲಸ ಇರುವುದು ಹೆರಿಗೆಯ ಮೊದಲು ಮತ್ತು ಆಮೇಲೆ. ಗರ್ಭಿಣಿಯ ರಕ್ತಹೀನತೆಯನ್ನು ಸರಿಪಡಿಸುವುದು, ಮಲಬದ್ಧತೆಯಾಗದಂತೆ ನೋಡಿಕೊಳ್ಳುವುದು, ನಿತ್ಯ ಅರ್ಧ ಗಂಟೆ ನಡೆಸುವುದು. ಕಬ್ಬಿಣದ ಮಾತ್ರೆಯನ್ನು ಬಿಡಿಸಿ ಲೇಹ ಕೊಡುವುದಲ್ಲ, ಎರಡೂ ಇರಲಿ. ಸುಶ್ರುತರು ಸೂತಿಕೆಗೆ ಒಂದೂವರೆ ತಿಂಗಳ ಆರೈಕೆಯನ್ನು ವಿಧಿಸಿದ್ದಾರೆ. ಸಿಸೇರಿಯನ್ ಆದವಳಿಗೂ ಅದು ಸಲ್ಲುತ್ತದೆ, ಆದರೆ ಕ್ರಮ ಬೇರೆ. ಗಾಯ ಒಣಗುವವರೆಗೆ ಹೊಟ್ಟೆಗೆ ಎಣ್ಣೆ ತಿಕ್ಕಬಾರದು, ಬಿಸಿನೀರು ಎರೆಯಬಾರದು. ಕೈಕಾಲು, ಬೆನ್ನಿಗೆ ಹಗುರವಾಗಿ ಎಣ್ಣೆ ಹಚ್ಚಬಹುದು. ಹೊಟ್ಟೆಗೆ ಬಟ್ಟೆ ಬಿಗಿಯುವ ಮುನ್ನ ಶಸ್ತ್ರವೈದ್ಯರನ್ನು ಕೇಳಬೇಕು. ನೀರು ಕೊಟ್ಟರೆ ಶೀತವೆಂದು ಬಾಣಂತಿಯನ್ನು ಬಾಯಾರಿಸುವುದು ಬೇಡ, ಹಾಲು ಇಳಿಯಲು ನೀರು ಬೇಕು. ಎರಡನೆಯ ದಿನದಿಂದಲೇ ಎದ್ದು ನಾಲ್ಕು ಹೆಜ್ಜೆ ನಡೆಯಲಿ. ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ, ಒಂದು ಕಾಲು ಮಾತ್ರ ಬಾತುಕೊಂಡು ನೋಯತೊಡಗಿದರೆ ನಮ್ಮಲ್ಲಿಗಲ್ಲ, ಹೆರಿಗೆಯಾದ ಆಸ್ಪತ್ರೆಗೆ ಅದೇ ದಿನ ಕರೆದೊಯ್ಯಿರಿ. ಹೋಗುವಾಗ ಎರಡೂ ಹೆರಿಗೆಗಳ ಕಾರ್ಡುಗಳು ಜೊತೆಯಲ್ಲಿರಲಿ.